ಬಾರಿಸೆನೆಂದ ತಮಟೆಯ ರಾಜಕೀಯ

1977ರ ಜನವರಿ 3ರಂದು ಭಾರತ ಸಂವಿಧಾನದ ಲೆಕ್ಕದಲ್ಲಿ ಸಮಾಜವಾದಿ ದೇಶವಾಯಿತು. 42ನೇ ತಿದ್ದುಪಡಿ ಜಾರಿಗೆ ಬಂದು ಪೀಠಿಕೆಯೊಳಗೆ ಆ ಪದ ಸೇರಿಕೊಂಡದ್ದು ಅವತ್ತು. ಹದಿನೇಳು ದಿನ ಕಳೆದು, ಜನವರಿ 20ರಂದು, ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿ ತೀರಿಕೊಂಡರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಈ ರಂಗನಟಿ ಲೋಹಿಯಾವಾದಿ. ತುರ್ತು ಪರಿಸ್ಥಿತಿಯಲ್ಲಿ ಎಂಟು ತಿಂಗಳು ವಿಚಾರಣೆಯೇ ಇಲ್ಲದೆ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಆಸ್ತಮಾ ಮಿತಿಮೀರಿದ ಮೇಲೆ ಪೆರೋಲ್ ಪಡೆದು ಆಗಷ್ಟೇ ಹೊರಬಂದಿದ್ದರು. ದೇಶ ಕಾಗದದ ಮೇಲೆ ಸಮಾಜವಾದಿಯಾದ ತಿಂಗಳಲ್ಲೇ ಒಬ್ಬ ಅಸಲಿ ಸಮಾಜವಾದಿಯ ಜೀವ ಹೋಗಿತ್ತು.

ಅದೇ ಜನವರಿಯ ಮೊದಲ ವಾರ ಇನ್ನೊಂದು ಸಮಾಜವಾದಿ ದೇಶದಲ್ಲಿ, ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ, ಇನ್ನೂರಕ್ಕೂ ಹೆಚ್ಚು ಜನ ಸಹಿ ಹಾಕಿದ ಒಂದು ಹೇಳಿಕೆ ಹೊರಬಿತ್ತು. ಚಾರ್ಟರ್ 77 ಎಂದು ಮುಂದೆ ಜಗತ್ತಿಗೆಲ್ಲ ಗೊತ್ತಾದ ಆ ಹೇಳಿಕೆಯ ಹಿಂದೆ ಇದ್ದದ್ದು ಒಂದು ರಾಕ್ ತಂಡದ ಮೊಕದ್ದಮೆ. ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ಆ ತಂಡ ಹುಟ್ಟಿದ್ದು 1968ರಲ್ಲಿ, ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ವರ್ಷ. 1970ರಲ್ಲಿ ಸರ್ಕಾರ ಅವರ ವೃತ್ತಿ ಪರವಾನಗಿ ಕಿತ್ತುಕೊಂಡಿತು. ಆಮೇಲೆ ಅವರು ಸಂಬಳಕ್ಕೆ ನುಡಿಸುವಂತಿರಲಿಲ್ಲ, ಸಭಾಂಗಣ ಬಾಡಿಗೆಗೆ ಪಡೆಯುವಂತಿರಲಿಲ್ಲ. ಮದುವೆಯ ನೆಪ, ಹುಟ್ಟುಹಬ್ಬದ ನೆಪ ಹೂಡಿ ಹಳ್ಳಿಗಳಲ್ಲಿ ನುಡಿಸತೊಡಗಿದರು. 1976ರ ಮಾರ್ಚಿನಲ್ಲಿ ಪೊಲೀಸರು ಹಿಡಿದರು. ಸೆಪ್ಟೆಂಬರಿನಲ್ಲಿ ತಂಡದ ಕಲಾ ನಿರ್ದೇಶಕ ಇವಾನ್ ಯಿರೊಸ್‌ಗೆ ಹದಿನೆಂಟು ತಿಂಗಳ ಜೈಲಾಯಿತು. ನ್ಯಾಯಾಲಯದಲ್ಲಿ ಕೂತು ಇದನ್ನು ನೋಡಿದ ನಾಟಕಕಾರ ವಾಕ್ಲಾವ್ ಹಾವೆಲ್ ಮುಂದೆ ಆ ದೇಶದ ಅಧ್ಯಕ್ಷರಾದರು.

ವಿಚಿತ್ರವೆಂದರೆ ಈ ತಂಡದ ಹಾಡುಗಳಲ್ಲಿ ಸರ್ಕಾರದ ವಿರುದ್ಧ ಘೋಷಣೆಗಳು ಇರಲಿಲ್ಲ. ಅಪಸ್ವರ, ಅಸಂಬದ್ಧ ಸಾಲು, ಉದ್ದ ಕೂದಲು, ಬಿಟ್ಟರೆ ಒಂದಿಷ್ಟು ಬಿಯರ್. ಪ್ರಭುತ್ವಕ್ಕೆ ತಲೆನೋವಾದದ್ದು ಹುಡುಗರು ತನ್ನ ಯುವಜನ ಸಂಘದ ಚೀಟಿಯಿಲ್ಲದೆ ಒಂದು ಕಡೆ ಸೇರುತ್ತಾರೆ ಎಂಬುದು. ಯುವಕರ ಬಿಡುವಿನ ಸಂಜೆಯೂ ಪಕ್ಷದ ಸೊತ್ತು ಎಂದು ನಂಬಿದ್ದ ವ್ಯವಸ್ಥೆಗೆ ಒಂದು ಗಿಟಾರ್ ಸಾಕಾಗಿತ್ತು ದಿಗಿಲು ಹುಟ್ಟಿಸಲು.

ನಮ್ಮಲ್ಲಿ ಇದಕ್ಕೆ ಸಾಟಿ ಎಲ್ಲಿದೆ ಎಂದು ಹುಡುಕುವವರು ಸಾಮಾನ್ಯವಾಗಿ ಬೆಂಗಳೂರಿನ ದಂಡು ಪ್ರದೇಶದತ್ತ ಹೋಗುತ್ತಾರೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ರಾಕ್ ತಂಡಗಳು ಇದ್ದವು ನಿಜ. ಇಂಗ್ಲಿಷಿನಲ್ಲಿ ಹಾಡುತ್ತಿದ್ದವು, ಕಾಲೇಜು ಉತ್ಸವಗಳಲ್ಲಿ ನುಡಿಸುತ್ತಿದ್ದವು. ಅವುಗಳ ಗೋಜಿಗೆ ಸರ್ಕಾರ ಹೋಗಲಿಲ್ಲ, ಹೋಗಬೇಕಾದ ಅಗತ್ಯವೂ ಇರಲಿಲ್ಲ. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ‘ಸಮಾಜವಾದಿ ಮಾದರಿಯ ಸಮಾಜ’ ಕಟ್ಟುತ್ತೇವೆ ಎಂದು ನಿರ್ಣಯ ಮಾಡಿದಾಗಲೂ ಯುವಕರ ಸಂಜೆಗಳನ್ನು ಅದು ತನ್ನದೆಂದುಕೊಂಡಿರಲಿಲ್ಲ. ಆಕಾಶವಾಣಿಯಂತೂ ಅದರದೇ ಆಗಿತ್ತು. ಐವತ್ತರ ದಶಕದ ಆರಂಭದಲ್ಲಿ ಸಚಿವ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಅಲ್ಲಿಂದ ಹೊರಗಟ್ಟಿದಾಗ ಜನ ರೇಡಿಯೊ ಸಿಲೋನ್ ಕೇಳಿಕೊಂಡು ಸುಮ್ಮನಾದರು. ಜೈಲಿಗೆ ಯಾರೂ ಹೋಗಬೇಕಾಗಲಿಲ್ಲ. ಹಾಗಿದ್ದರೆ ಇಲ್ಲಿ ಯಾರು ನುಡಿಸಬೇಕು, ಎಲ್ಲಿ ನುಡಿಸಬೇಕು, ಯಾರಿಗಾಗಿ ನುಡಿಸಬೇಕು ಎಂದು ಅಪ್ಪಣೆ ಕೊಡುತ್ತಿದ್ದವರು ಯಾರು?

ಆ ಉತ್ತರಕ್ಕೆ ಬೆಂಗಳೂರು ಬಿಟ್ಟು ಪಶ್ಚಿಮಕ್ಕೆ, ಅರ್ಕಾವತಿಯ ದಂಡೆಗೆ ಬರಬೇಕು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲೂಕುಗಳ ಈ ಸೀಮೆಗೆ 2007ರಿಂದ ರಾಮನಗರ ಜಿಲ್ಲೆ ಎಂಬ ಹೆಸರಿತ್ತು. 2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲಾಯಿತು. ಹೆಸರು ಏನೇ ಇದ್ದರೂ ಕೂಟಗಲ್ ಹೋಬಳಿಯ ಒಂದು ಸಾಧಾರಣ ಹಳ್ಳಿಗೂ ಕನಕಪುರದ ಕಡೆಯ ಒಂದು ಹಳ್ಳಿಗೂ ನಕ್ಷೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ, ನಡುವೆ ತಮಟೆ.

ತಮಟೆ ಸರಳ ವಾದ್ಯ. ದುಂಡನೆಯ ಬಳೆಗೆ ಬಿಗಿದ ಕರುವಿನ ಇಲ್ಲವೇ ಮೇಕೆಯ ಚರ್ಮ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಸಿಬಿರು. ಬಾರಿಸುವ ಮೊದಲು ಒಣಹುಲ್ಲು, ತೆಂಗಿನ ಗರಿ ಏನಾದರೂ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಅದರ ಕಾವಿಗೆ ಚರ್ಮವನ್ನು ಹಿಡಿಯುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಹಿಡಿದು, ನಾದ ಏರಿತೆನ್ನಿಸಿದಾಗ ಎತ್ತಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಬಾರಿಸಿದರೆ ಚರ್ಮ ತಣ್ಣಗಾಗಿ ಸಡಿಲಾಗುತ್ತದೆ, ಮತ್ತೆ ಬೆಂಕಿಗೆ ಹಿಡಿಯಬೇಕು. ಈಗ ಪ್ಲಾಸ್ಟಿಕ್ ಹಾಳೆಯ ತಮಟೆಗಳು ಬಂದು ಈ ಕೆಲಸವನ್ನು ತಪ್ಪಿಸಿವೆ. ನಾದವನ್ನೂ ಸ್ವಲ್ಪ ತಪ್ಪಿಸಿವೆ ಎಂದು ಹಳಬರು ದೂರುತ್ತಾರೆ. ಸಾವಿಗೊಂದು ಗತ್ತು, ಜಾತ್ರೆಗೊಂದು, ಮೆರವಣಿಗೆಗೆ ಮತ್ತೊಂದು. ಕಿವಿಯಿದ್ದವರು ಗತ್ತು ಕೇಳಿಯೇ ಊರಲ್ಲಿ ಏನಾಗಿದೆ ಎಂದು ಹೇಳಬಲ್ಲರು.

ಇಷ್ಟು ಚೆಂದದ ವಾದ್ಯ ನುಡಿಸುವವನಿಗೆ ತಾನು ಯಾವಾಗ ನುಡಿಸಬೇಕು ಎಂದು ತೀರ್ಮಾನಿಸುವ ಹಕ್ಕು ಮಾತ್ರ ಇರಲಿಲ್ಲ. ಊರಲ್ಲಿ ಸಾವಾದರೆ ಕರೆ ಬರುತ್ತಿತ್ತು, ಹೋಗಬೇಕಿತ್ತು. ಮಾರಿಹಬ್ಬದಲ್ಲಿ ದೇವರ ಮುಂದೆ ದಾರಿಯುದ್ದಕ್ಕೂ ಬಾರಿಸಿಕೊಂಡು ಹೋಗಿ ಗುಡಿಯ ಬಾಗಿಲಲ್ಲಿ ಹೊರಗೆ ನಿಲ್ಲಬೇಕಿತ್ತು. ಸರ್ಕಾರದ ಆದೇಶವನ್ನು ಊರಿಗೆ ಸಾರುವ ಡಂಗುರವೂ ತೋಟಿಯ ಪಾಲಿಗೇ. ಕೂಲಿ ಎಂದರೆ ಹಬ್ಬದ ಮಿಕ್ಕ ಅನ್ನ, ಸುಗ್ಗಿಯಲ್ಲಿ ಒಂದಿಷ್ಟು ರಾಗಿ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ತಳವಾರ, ತೋಟಿ, ನೀರಗಂಟಿ ಮುಂತಾದ ವಂಶಪಾರಂಪರ್ಯ ಹುದ್ದೆಗಳನ್ನು ಕಿತ್ತುಹಾಕಿತು. 1963ರ ಫೆಬ್ರವರಿಯಲ್ಲಿ ಜಾರಿಗೂ ಬಂತು. ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ಅದಕ್ಕಿಂತ ಮೊದಲೇ ನಿಷೇಧಿಸಿತ್ತು. ಹುದ್ದೆ ಹೋಯಿತು, ಕರೆ ನಿಲ್ಲಲಿಲ್ಲ.

ಪ್ರಾಗ್‌ನ ಕಥೆ ಇಲ್ಲಿ ತಲೆಕೆಳಗಾಗುತ್ತದೆ. ಅಲ್ಲಿ ಅಪ್ಪಣೆಯಿಲ್ಲದೆ ನುಡಿಸುವುದು ಬಂಡಾಯ. ಇಲ್ಲಿ ಅಪ್ಪಣೆಯಾದಾಗ ನುಡಿಸದೆ ಇರುವುದೇ ಬಂಡಾಯ. ಅಲ್ಲಿ ವಾದ್ಯವನ್ನು ಜಪ್ತಿ ಮಾಡಲಾಗುತ್ತಿತ್ತು, ಇಲ್ಲಿ ವಾದ್ಯವನ್ನು ಕೊರಳಿಗೆ ಕಟ್ಟಲಾಗಿತ್ತು. ಪರವಾನಗಿ ಕೊಡುವ ಕಚೇರಿ ಅಲ್ಲಿ ಪಕ್ಷದ್ದು, ಇಲ್ಲಿ ಜಾತಿಯದು. ಸಮಾಜವಾದಿ ದೇಶದ ಯುವ ರಾಜಕಾರಣಕ್ಕೂ ಸಂಗೀತಕ್ಕೂ ಇರುವ ನಂಟನ್ನು ಕರ್ನಾಟಕದಲ್ಲಿ ನೋಡಬೇಕಾದ ಜಾಗ ಇದು. ಇದನ್ನು ಬಿಟ್ಟು ಅರಮನೆ ಮೈದಾನದ ಸಂಗೀತ ಕಛೇರಿಗಳಿಂದ ಲೆಕ್ಕ ಶುರುಮಾಡುವ ಬರಹಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ.

ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಈ ಕಥೆಯ ಮುಖ್ಯ ಪಾತ್ರ. ಅವರ ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲೇ ಒಂದು ನೆನಪು ಬರುತ್ತದೆ: ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುತ್ತಿದ್ದಾರೆ, ಆ ಇಬ್ಬರಲ್ಲಿ ಒಬ್ಬ ಹುಡುಗನ ಅಪ್ಪ. ಆ ಹುಡುಗ ಬೆಂಗಳೂರಿಗೆ ಬಂದು, ಶ್ರೀರಾಮಪುರದ ಕೊಳೆಗೇರಿ ಮತ್ತು ಹಾಸ್ಟೆಲುಗಳಲ್ಲಿ ಬೆಳೆದು, ಕಾಲೇಜು ದಿನಗಳಲ್ಲೇ ಭಾಷಣಕಾರನಾಗಿ ಹೆಸರು ಮಾಡಿದ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದೇ ತಡ, ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆಗಳಾದವು, ಸಚಿವರು ಕುರ್ಚಿ ಬಿಡಬೇಕಾಯಿತು. ಆ ಏಟು ತಿಂದ ತಲೆಮಾರೇ ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮುಂತಾದವರ ಜತೆಗೂಡಿ ದಲಿತ ಸಂಘರ್ಷ ಸಮಿತಿಯನ್ನು (ದಸಂಸ) ಕಟ್ಟಿತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು.

ಸಂಕಲನದ ಹೆಸರಿನಲ್ಲೇ ಹಾಡು ಇದೆ. ಆಗ ನವ್ಯದ ಕಾಲ. ಕವಿತೆಯೆಂದರೆ ಒಬ್ಬರೇ ಕೂತು ಮೌನವಾಗಿ ಓದಬೇಕಾದ್ದು ಎಂದು ವಿಮರ್ಶೆ ತೀರ್ಪು ಕೊಟ್ಟಾಗಿತ್ತು. ಸಿದ್ಧಲಿಂಗಯ್ಯ ಆ ತೀರ್ಪನ್ನು ಮೇಲ್ಮನವಿಯೂ ಇಲ್ಲದೆ ತಳ್ಳಿಹಾಕಿದರು. ಚಿಕ್ಕ ಸಾಲು, ಜನಪದದ ಧಾಟಿ, ಒಮ್ಮೆ ಕೇಳಿದರೆ ಎರಡನೇ ಸಲಕ್ಕೆ ಹತ್ತು ಜನ ಸೇರಿಕೊಳ್ಳಬಹುದಾದ ಪಲ್ಲವಿ. 1947ರ ಸ್ವಾತಂತ್ರ್ಯ ಯಾರ ಮನೆಯವರೆಗೆ ಬಂತು ಎಂದು ಕೇಳುವ ಅವರ ಹಾಡನ್ನು ಪುಸ್ತಕ ಮುಟ್ಟಿಯೂ ನೋಡದ ಜನ ಬಾಯಿಪಾಠ ಹೇಳುತ್ತಿದ್ದರು. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ, ಗೊಲ್ಲಹಳ್ಳಿ ಶಿವಪ್ರಸಾದ್, ಕೋಟಿಗಾನಹಳ್ಳಿ ರಾಮಯ್ಯ ಹೀಗೆ ಹಾಡುವವರ, ಹಾಡು ಕಟ್ಟುವವರ ಒಂದು ದೊಡ್ಡ ಬಳಗವೇ ಚಳವಳಿಯ ಜತೆ ನಡೆಯಿತು. ಮೈಕಿಲ್ಲದ ಕಡೆ ಗಂಟಲು, ಗಿಟಾರಿನ ಜಾಗದಲ್ಲಿ ತಮಟೆ. ಸಾವಿಗೆ ಕರೆದಾಗ ಬಾರಿಸುವುದಿಲ್ಲ ಎಂದ ಕೈ, ತನ್ನ ಸಭೆಯಲ್ಲಿ ಅದೇ ತಮಟೆಯನ್ನು ತನಗೆ ಬೇಕಾದ ಗತ್ತಿನಲ್ಲಿ ಬಾರಿಸಿತು.

ಈ ಎರಡು ಕೆಲಸಗಳೂ ಜತೆಜತೆಗೇ ನಡೆದವು ಎಂಬುದನ್ನು ಮರೆಯುವಂತಿಲ್ಲ. ದಸಂಸ ಕಾಲಿಟ್ಟ ಹಳ್ಳಿಗಳಲ್ಲಿ ಹುಡುಗರು ಮೊದಲು ಎತ್ತಿದ ತಕರಾರುಗಳಲ್ಲಿ ಒಂದು ತಮಟೆಯದು: ಬಿಟ್ಟಿ ಬಾರಿಸುವುದಿಲ್ಲ, ಸತ್ತ ದನ ಹೊರುವುದಿಲ್ಲ. ಪ್ರತಿಫಲ ಕೂಡಲೇ ಸಿಗುತ್ತಿತ್ತು. ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ, ಬಾವಿಗೆ ಹೋಗುವ ದಾರಿಗೆ ಮುಳ್ಳು. ಪ್ರಾಗ್‌ನ ಯಿರೊಸ್‌ಗೆ ಶಿಕ್ಷೆ ಕೊಟ್ಟದ್ದು ಒಂದು ನ್ಯಾಯಾಲಯ, ಅದಕ್ಕೊಂದು ಅವಧಿ ಇತ್ತು. ಬಹಿಷ್ಕಾರಕ್ಕೆ ತೀರ್ಪಿನ ಪ್ರತಿಯೂ ಇಲ್ಲ, ಬಿಡುಗಡೆಯ ದಿನಾಂಕವೂ ಇಲ್ಲ. ಮನೆಯೊಳಗೂ ಜಗಳ: ಮಗ ಬೇಡವೆಂದರೆ ಅಪ್ಪ ಊರ ಗೌಡರ ಮುಖ ನೋಡಿ ತಾನೇ ಎತ್ತಿಕೊಂಡು ಹೋಗುತ್ತಿದ್ದ. ಯುವ ರಾಜಕಾರಣ ಎಂದು ನಾವು ದೊಡ್ಡದಾಗಿ ಹೇಳುವುದು ಎಷ್ಟೋ ಕೇರಿಗಳಲ್ಲಿ ಅಪ್ಪ ಮಗನ ನಡುವಿನ ಮಾತುಕತೆಯಾಗಿತ್ತು.

ಹಾಡದೆ ಇರುವ ಹಕ್ಕಿನ ಪ್ರಶ್ನೆ ಅದೇ ಹೊತ್ತಿನಲ್ಲಿ ದೆಹಲಿಯಲ್ಲೂ ಎದ್ದಿತ್ತು, ಮತ್ತು ಅದಕ್ಕೆ ರಾಮನಗರದ ಒಂದು ತುಂಡು ಸಂಬಂಧವೂ ಇದೆ. ರಾಮದೇವರ ಬೆಟ್ಟದ ಸುತ್ತ 1973ರಿಂದ ಚಿತ್ರೀಕರಣವಾದ ‘ಶೋಲೆ’ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು; ತುರ್ತು ಪರಿಸ್ಥಿತಿ ಘೋಷಣೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಠಾಕೂರ್ ತನ್ನ ಕಾಲಿನಿಂದ ಗಬ್ಬರನನ್ನು ತುಳಿದು ಕೊಲ್ಲುವ ಅಂತ್ಯಕ್ಕೆ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ಗಬ್ಬರನನ್ನು ಬಂಧಿಸುವಂತೆ ಕೊನೆಯನ್ನು ಮತ್ತೆ ತೆಗೆಯಬೇಕಾಯಿತು. ನ್ಯಾಯ ಕೊಡುವ ಗುತ್ತಿಗೆ ಪ್ರಭುತ್ವದ್ದೇ ಎಂದು ಬಂಡೆಗಳ ನಡುವಿನ ಕಥೆಗೂ ತಾಕೀತು ಮಾಡಲಾಗಿತ್ತು. ಆ ಚಿತ್ರದ ಗೆಳೆತನದ ಹಾಡನ್ನು ಮನ್ನಾ ಡೇ ಜತೆ ಹಾಡಿದ ಕಿಶೋರ್ ಕುಮಾರ್ ಮರುವರ್ಷ ಆಕಾಶವಾಣಿಯಿಂದಲೇ ಮಾಯವಾದರು. ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಹಕರಿಸಲು ಅವರು ಒಪ್ಪಿರಲಿಲ್ಲ. 1976ರ ಮೇ ತಿಂಗಳಿಂದ ಅವರ ಹಾಡುಗಳ ಪ್ರಸಾರ ನಿಂತಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಶಾ ಆಯೋಗದ ವರದಿಯಲ್ಲಿ ಇದು ದಾಖಲಾಗಿದೆ. ದೇಶದ ಅತ್ಯಂತ ಜನಪ್ರಿಯ ಗಾಯಕ ಮತ್ತು ಮಾಗಡಿ ಕಡೆಯ ಹೆಸರಿಲ್ಲದ ತಮಟೆಯವನು ಒಂದೇ ತಪ್ಪು ಮಾಡಿದ್ದರು: ಕರೆದಾಗ ಹೋಗಲಿಲ್ಲ.

ಆದರೆ ಕರ್ನಾಟಕದ ಸರ್ಕಾರವನ್ನು ಪ್ರಾಗ್‌ನ ಸರ್ಕಾರದ ಜತೆ ಸುಮ್ಮನೆ ಸಮೀಕರಿಸುವುದು ಅನ್ಯಾಯವಾಗುತ್ತದೆ. ದೇವರಾಜ ಅರಸು ಆಗ ಮುಖ್ಯಮಂತ್ರಿ. 1974ರ ಭೂಸುಧಾರಣಾ ತಿದ್ದುಪಡಿ, ಹಿಂದುಳಿದ ವರ್ಗಗಳ ಹಾವನೂರು ಆಯೋಗ, ಭೂ ನ್ಯಾಯಮಂಡಳಿಗಳು, 1975ರ ಕೊನೆಯಲ್ಲಿ ಕೇಂದ್ರದ ಜೀತ ವಿಮುಕ್ತಿ ಸುಗ್ರೀವಾಜ್ಞೆ ಎಲ್ಲವೂ ಆ ನಾಲ್ಕೈದು ವರ್ಷಗಳಲ್ಲೇ. ಚಳವಳಿಯ ಹಾಡುಗಳು ಕೇಳುತ್ತಿದ್ದುದನ್ನು ಸರ್ಕಾರದ ಗೆಜೆಟ್ಟೂ ಹೇಳುತ್ತಿತ್ತು. ಒಂದು ಕೈಯಲ್ಲಿ ಭೂಮಿ ಕೊಡುತ್ತಿದ್ದ ಪ್ರಭುತ್ವವೇ ಇನ್ನೊಂದು ಕೈಯಲ್ಲಿ ಸ್ನೇಹಲತಾ ಅವರ ಸೆರೆಕೋಣೆಯ ಬೀಗ ಹಿಡಿದಿತ್ತು. ಈ ಎರಡನ್ನೂ ಒಟ್ಟಿಗೆ ಹೇಳದವರು ಅರಸು ಕಾಲವನ್ನು ಒಂದೋ ದೇವರ ಫೋಟೊ ಮಾಡುತ್ತಾರೆ, ಇಲ್ಲವೇ ಕಪ್ಪು ಅಧ್ಯಾಯ ಮಾಡುತ್ತಾರೆ. ‘ಹೊಲೆಮಾದಿಗರ ಹಾಡು’ ಹೊರಬಂದದ್ದು, ಮುಂದೆ ಸ್ವರ್ಣಕಮಲ ಗೆದ್ದ ‘ಚೋಮನ ದುಡಿ’ಯನ್ನು ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ತೆರೆಗೆ ತಂದದ್ದು, ‘ಸಮುದಾಯ’ ನಾಟಕ ತಂಡ ಬೀದಿಗಿಳಿಯಲು ಹುಟ್ಟಿದ್ದು ಮೂರೂ 1975ರಲ್ಲೇ. ಬಾಯಿ ಕಟ್ಟಿದ ವರ್ಷ ಎಂದು ದೇಶ ನೆನೆಯುವ ವರ್ಷದಲ್ಲಿ ಕನ್ನಡದ ಕೇರಿಯ ಬಾಯಿ ತೆರೆದುಕೊಂಡಿತ್ತು.

ನಿಷೇಧ ಸೋತ ಕಡೆ ಪ್ರಭುತ್ವಗಳು ಇನ್ನೊಂದು ಉಪಾಯಕ್ಕೆ ಇಳಿಯುತ್ತವೆ. ತಾವೇ ವೇದಿಕೆ ಹಾಕಿಕೊಡುತ್ತವೆ. ಸೋವಿಯತ್ ಒಕ್ಕೂಟದಲ್ಲಿ 1981ರ ಮಾರ್ಚಿನಲ್ಲಿ ತೆರೆದ ಲೆನಿನ್‌ಗ್ರಾಡ್ ರಾಕ್ ಕ್ಲಬ್ ಇದಕ್ಕೆ ಹೆಸರಾದ ಉದಾಹರಣೆ. ಕೆಜಿಬಿ ಮತ್ತು ಯುವ ಕಮ್ಯುನಿಸ್ಟ್ ಸಂಘದ ಕಣ್ಗಾವಲಿನಲ್ಲಿ, ಸಾಲುಗಳನ್ನು ಮೊದಲು ತೋರಿಸಿ ಮುದ್ರೆ ಹಾಕಿಸಿಕೊಂಡು ಹಾಡಬೇಕಿತ್ತು. ಬೀದಿಯಲ್ಲಿ ಅಲೆಯುವ ಗಿಟಾರಿಗಿಂತ ಒಳಗೆ ಕೂತ ಗಿಟಾರ್ ವಾಸಿ ಎಂಬ ಲೆಕ್ಕ. ಪೂರ್ವ ಜರ್ಮನಿಯ ಸರ್ಕಾರಿ ಯುವಜನ ಸಂಘವಂತೂ 1988ರ ಜುಲೈ 19ರಂದು ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನನ್ನೇ ಪೂರ್ವ ಬರ್ಲಿನ್ನಿಗೆ ಕರೆಸಿತು. ಒಂದೂವರೆ ಲಕ್ಷಕ್ಕೂ ಮೀರಿ ಜನ ಸೇರಿದರು. ಮರುವರ್ಷ ನವೆಂಬರಿನಲ್ಲಿ ಗೋಡೆ ಬಿತ್ತು. ಆ ಹಾಡುಗಾರನಿಂದಲೇ ಗೋಡೆ ಬಿತ್ತೆಂದು ಹೇಳುವವರಿದ್ದಾರೆ. ಅದು ಸಂಗೀತಪ್ರೇಮಿಗಳ ಸಡಗರ. ಗೋಡೆ ಬೀಳಲು ಹಂಗೆರಿಯ ಗಡಿ, ಲೈಪ್‌ಜಿಗ್‌ನ ಬೀದಿ, ಮಾಸ್ಕೋದ ಖಾಲಿ ಬೊಕ್ಕಸ ಎಲ್ಲವೂ ಬೇಕಾಯಿತು. ಆದರೂ ವೇದಿಕೆ ಹಾಕಿಕೊಟ್ಟರೆ ಯುವಕರು ತನ್ನವರಾಗುತ್ತಾರೆ ಎಂಬ ಆ ಸಂಘದ ಲೆಕ್ಕ ಮಾತ್ರ ಅಂದೇ ತಪ್ಪಿತ್ತು.

ನಮ್ಮಲ್ಲಿ ಅದೇ ಲೆಕ್ಕ ಹೆಚ್ಚು ಕಡಿಮೆ ಸರಿಹೋಯಿತು ಎಂಬುದು ನೋವಿನ ಮಾತು. ಸಿದ್ಧಲಿಂಗಯ್ಯ 1988ರಲ್ಲಿ ವಿಧಾನ ಪರಿಷತ್ ಸದಸ್ಯರಾದರು, ಎರಡು ಅವಧಿ ಅಲ್ಲಿದ್ದರು. ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಪುಸ್ತಕ ಪ್ರಾಧಿಕಾರಗಳ ಅಧ್ಯಕ್ಷತೆ, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆಯನ್ನೂ ಬರೆದಿದ್ದರು. 2021ರ ಜೂನ್ 11ರಂದು ಕೋವಿಡ್‌ನಿಂದ ತೀರಿಕೊಂಡಾಗ ಬಂಡಾಯದ ಕವಿ ಅಧಿಕಾರಕ್ಕೆ ಹತ್ತಿರವಾದರೆಂಬ ಹಳೆಯ ಆಕ್ಷೇಪ ಮತ್ತೆ ಕೇಳಿಬಂತು. ಆ ಆಕ್ಷೇಪದಲ್ಲಿ ಹುರುಳಿಗಿಂತ ಹೊಟ್ಟು ಜಾಸ್ತಿ. ನೊಗಕ್ಕೆ ಹೆಗಲು ಕೊಟ್ಟವನ ಮಗ ಶಾಸನಸಭೆಯಲ್ಲಿ ಕೂತು ಮಾತಾಡಿದ್ದು ಚಳವಳಿಯ ಸೋಲಲ್ಲ. ಸೋಲು ಬೇರೆ ಕಡೆ ಇದೆ: ದಸಂಸ ಬಣಗಳಾಗಿ ಒಡೆದಂತೆ ಅದರ ಹಾಡಿನ ಮೇಳಗಳೂ ಒಡೆದವು, ಸಂಜೆ ಹಾಸ್ಟೆಲಿನಲ್ಲಿ ಹಾಡು ಕಲಿಯುವ ಅಭ್ಯಾಸ ನಿಂತಿತು, ಹಾಡು ಕಾರ್ಯಕ್ರಮದ ಆರಂಭದ ವಿಧಿಯಾಗಿ ಉಳಿಯಿತು.

ತಮಟೆಗೂ ಗೌರವ ಬಂದಿದೆ, ಇಲ್ಲವೆಂದಲ್ಲ. ರಾಮನಗರದ ಹೆದ್ದಾರಿಯ ಪಕ್ಕ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ಇಂಥ ಕಲೆಗಳಿಗೆ ಅಂಗಳ ಕೊಟ್ಟಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಕೇರಿಯೊಳಗೆ ಹಳೆಯ ವಾದವೂ ಮುಂದುವರಿದಿದೆ. ಅವಮಾನದ ಗುರುತಾದ ವಾದ್ಯವನ್ನು ಬಿಸಾಡಬೇಕು ಎನ್ನುವವರು ಒಂದು ಕಡೆ. ನಮ್ಮ ಹಿರೀಕರ ವಿದ್ಯೆಯನ್ನು ನಾವೇಕೆ ಬಿಡಬೇಕು, ಬಿಟ್ಟಿಯನ್ನು ಬಿಟ್ಟರೆ ಸಾಕು ಎನ್ನುವವರು ಇನ್ನೊಂದು ಕಡೆ. ತಮಿಳುನಾಡಿನಲ್ಲಿ ಪರೈ ವಾದ್ಯದ ಸುತ್ತಲೂ ಇದೇ ವಾಗ್ವಾದ ನಡೆದಿದೆ, ಅಲ್ಲಿ ಎರಡನೆಯ ಪಕ್ಷ ಗೆದ್ದಂತೆ ಕಾಣುತ್ತದೆ. ಇಲ್ಲೂ ಅದೇ ಸರಿ. ಇಷ್ಟೊಳ್ಳೆ ಲಯವನ್ನು ದಬ್ಬಾಳಿಕೆ ಮಾಡಿದವರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ದುಬಾರಿ ತ್ಯಾಗ. ಆದರೆ ಆ ವಾದ ಗಟ್ಟಿಯಾಗಿ ನಿಲ್ಲಬೇಕಾದರೆ ಒಂದು ಷರತ್ತು ಇದೆ, ಬಾರಿಸುವವನಿಗೆ ‘ಇವತ್ತು ಆಗುವುದಿಲ್ಲ’ ಎನ್ನುವ ಧೈರ್ಯ ಇರಬೇಕು.

ಆ ಷರತ್ತು ಇನ್ನೂ ಪೂರ್ತಿಯಾಗಿಲ್ಲ. ಬಾರಿಸಲು ಒಪ್ಪದ ಕುಟುಂಬಕ್ಕೆ ಬಹಿಷ್ಕಾರ ಎಂಬ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ಇನ್ನು ಚುನಾವಣೆ ಬಂದರೆ ಪೂಜಾ ಕುಣಿತ, ತಮಟೆ, ಡೊಳ್ಳು ತಂಡಗಳು ಬೆಳಿಗ್ಗೆ ಒಂದು ಪಕ್ಷದ ರೋಡ್ ಶೋದಲ್ಲಿ, ಸಂಜೆ ಇನ್ನೊಂದರ ರೋಡ್ ಶೋದಲ್ಲಿ. ಅದನ್ನು ನೋಡಿ ಮೂಗು ಮುರಿಯುವ ಅಧಿಕಾರ ಯಾರಿಗೂ ಇಲ್ಲ. ಕೂಲಿ ಕೈಗೆ ಬರುತ್ತದೆ, ಬಿಟ್ಟಿಗಿಂತ ಎಷ್ಟೋ ವಾಸಿ. ಆದರೆ ಹಾಡಿನ ಗಾಡಿಯ ಹಿಂದೆ ಕುಣಿಯುವ ಹುಡುಗರಿಗೆ ಆ ಪಕ್ಷದ ಸಭೆಯಲ್ಲಿ ಕುರ್ಚಿ ಸಿಗುತ್ತದೆಯೇ ಎಂದು ಕೇಳಬೇಕಾಗುತ್ತದೆ. ರಘು ದೀಕ್ಷಿತ್ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹೊಸ ತಲೆಮಾರಿನ ಕಿವಿಗೆ ತಲುಪಿಸಿದ್ದು ದೊಡ್ಡ ಕೆಲಸವೇ. ಆದರೂ ಟಿಕೆಟ್ ಕೊಂಡು ಬಂದ ಗುಂಪು ಕಛೇರಿ ಮುಗಿದ ಮೇಲೆ ಮನೆಗೆ ಹೋಗುತ್ತದೆ. ದಸಂಸದ ಸಭೆಯಲ್ಲಿ ಹಾಡು ಮುಗಿದ ಮೇಲೆಯೇ ಜಮೀನಿನ ಅರ್ಜಿ ಬರೆಯುವ ಕೆಲಸ ಶುರುವಾಗುತ್ತಿತ್ತು.

2024ರ ನವೆಂಬರಿನಲ್ಲಿ ಪೀಠಿಕೆಯಿಂದ ‘ಸಮಾಜವಾದಿ’ ಪದ ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. ಪದ ಉಳಿಯಿತು, ಸಂತೋಷ. ಅದು ಹಳ್ಳಿಯ ಮಟ್ಟಿಗೆ ಏನನ್ನು ಹೇಳಬೇಕು ಎಂಬುದಕ್ಕೆ ದೊಡ್ಡ ಸಿದ್ಧಾಂತಗಳೇನೂ ಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದೂ ಹಾಕುತ್ತೇನೆಂದು ಹೆದರಿಸುವುದೂ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಜಾತ್ರೆಗೆ ಅನುಮತಿ ಕೊಡುವ ತಹಶೀಲ್ದಾರರು ತಮಟೆಯವರ ಸಂಭಾವನೆ ಎಷ್ಟು, ಅವರು ಒಪ್ಪಿ ಬಂದವರೇ ಎಂಬುದನ್ನೂ ಅನುಮತಿ ಪತ್ರದಲ್ಲೇ ಬರೆಸಿಕೊಳ್ಳಲಿ. ಮುಜರಾಯಿ ಗುಡಿಗಳಿಂದಲೇ ಇದನ್ನು ಶುರುಮಾಡಬಹುದು, ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.